ಮಕ್ಕಳ ಬೇಸ್‌ಬಾಲ್‌ನ ನಿಯಮ ಯಾರಿಗೆ? ಅಮೆರಿಕದ ಮೈದಾನಗಳಲ್ಲಿ ಅಂಪೈರ್‌ಗಳು ಕಡಿಮೆಯಾಗುತ್ತಿರುವುದೇಕೆ?

2019ರ ಜೂನ್ 15ರಂದು ಅಮೆರಿಕದ ಕೊಲರಾಡೊ ರಾಜ್ಯದ ಲೇಕ್‌ವುಡ್‌ನಲ್ಲಿ, ಪ್ರಾಥಮಿಕ ಶಾಲೆಯೊಂದರ ಮೈದಾನದಲ್ಲಿ ಏಳು ವರ್ಷದ ಮಕ್ಕಳ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ಅಂಪೈರ್ ಕೊಟ್ಟ ತೀರ್ಪು ಸರಿಯಿಲ್ಲವೆಂದು ಶುರುವಾದ ಮಾತು ಬೆಳೆದು, ಎರಡೂ ಕಡೆಯ ದೊಡ್ಡವರು ಮೈದಾನಕ್ಕಿಳಿದು ಮುಷ್ಟಿಯುದ್ಧಕ್ಕೆ ನಿಂತರು. ಯಾರೋ ಮೊಬೈಲಿನಲ್ಲಿ ಹಿಡಿದ ಆ ದೃಶ್ಯವನ್ನು ಊರಿನ ಪೊಲೀಸರೇ ಹಂಚಿಕೊಂಡದ್ದರಿಂದ ಸುದ್ದಿ ದೇಶವಿಡೀ ಹರಡಿತು. ಆ ಪಂದ್ಯದ ಅಂಪೈರ್‌ಗೆ ಆಗ 13 ವರ್ಷ.

ಇಂಥ ಘಟನೆಗಳನ್ನು ಹೆತ್ತವರ ನಡತೆ ಕೆಟ್ಟಿತು ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ವಾಡಿಕೆ. ಆ ಮಾತು ಸುಳ್ಳೇನಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ, ಹದಿಮೂರರ ಆ ಹುಡುಗನನ್ನು ಅಲ್ಲಿ ನಿಲ್ಲಿಸಿದವರು ಯಾರು, ಅವನ ಕೈಗೆ ಕೊಟ್ಟ ನಿಯಮ ಪುಸ್ತಕ ಯಾರನ್ನು ಹಿಡಿತದಲ್ಲಿಡಲು ಬರೆದದ್ದು ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಮಕ್ಕಳ ಬೇಸ್‌ಬಾಲ್‌ನ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಮಕ್ಕಳನ್ನು ಶಿಸ್ತಿಗೆ ಒಳಪಡಿಸಲು ಹುಟ್ಟಿದವಲ್ಲ ಎಂಬುದು ಗೊತ್ತಾಗುತ್ತದೆ. ಗೆಲ್ಲುವ ಹಟ ಹೆಚ್ಚಿರುವುದು ದೊಡ್ಡವರಿಗೆ. ಆ ಹಟದಿಂದ ಮಕ್ಕಳನ್ನು ಕಾಯಲೆಂದು ಹಾಕಿದ ಬೇಲಿಗಳು ಇವು. ಆ ಬೇಲಿ ಕಾಯುವ ಕೆಲಸಕ್ಕೆ ಮಾತ್ರ ಅನೇಕ ಊರುಗಳಲ್ಲಿ ಇನ್ನೊಂದು ಮಗುವನ್ನೇ ನಿಲ್ಲಿಸಲಾಗುತ್ತಿದೆ.

ಈ ವ್ಯವಸ್ಥೆಯ ಅತಿ ದೊಡ್ಡ ಮಾದರಿ, ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್ ಹುಟ್ಟಿದ್ದು 1939ರಲ್ಲಿ, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ. ಕಾರ್ಲ್ ಸ್ಟಾಟ್ಜ್ ಎಂಬವರು ಊರಿನ ಸಣ್ಣಪುಟ್ಟ ಸಂಸ್ಥೆಗಳಿಂದ ನೆರವು ಪಡೆದು ಮೂರು ತಂಡ ಕಟ್ಟಿದರು. ಅವರ ಮುಖ್ಯ ಕೊಡುಗೆ ಆ ತಂಡಗಳಿಗಿಂತ ಮೈದಾನದ ಅಳತೆಯಲ್ಲಿದೆ. ವೃತ್ತಿಪರ ಆಟದಲ್ಲಿ ಓಟಗಾರ ಮುಟ್ಟಬೇಕಾದ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಪಿಚರ್ ಎಸೆಯುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಇಂದಿನ ಲಿಟಲ್ ಲೀಗ್‌ನ ಹನ್ನೆರಡರ ಒಳಗಿನವರ ಮೈದಾನದಲ್ಲಿ ಬೇಸ್‌ಗಳ ಅಂತರ 60 ಅಡಿ, ಎಸೆತದ ದೂರ 46 ಅಡಿ, ಒಂಬತ್ತರ ಬದಲು ಆರೇ ಇನ್ನಿಂಗ್ಸ್. ಮಗುವಿನ ಕಾಲು ಮತ್ತು ತೋಳಿಗೆ ತಕ್ಕಂತೆ ಆಟವನ್ನು ಕುಗ್ಗಿಸಿದ್ದು ಸರಿಯಾದ ಯೋಚನೆಯೇ. ಆದರೆ ಇದರಿಂದ ಅಂಪೈರ್‌ನ ಕೆಲಸ ಸುಲಭವಾಯಿತೆಂದು ತಿಳಿದರೆ ತಪ್ಪು. ಹನ್ನೆರಡು ವರ್ಷದ ಗಟ್ಟಿ ಹುಡುಗನೊಬ್ಬ 46 ಅಡಿಯಿಂದ ಗಂಟೆಗೆ 70 ಮೈಲಿ ವೇಗದಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಪ್ಲೇಟ್ ಮುಟ್ಟುತ್ತದೆ. ವೃತ್ತಿಪರ ಅಂಪೈರ್‌ ಮುಂದೆ 92 ಮೈಲಿ ವೇಗದ ಎಸೆತ ಬಂದು ಮುಟ್ಟಲು ಹಿಡಿಯುವ ಸಮಯವೂ ಹೆಚ್ಚುಕಡಿಮೆ ಅಷ್ಟೇ.

ಮೈದಾನದ ಅಳತೆಯ ಜೊತೆಗೆ ನಿಯಮಗಳೂ ಬದಲಾದವು. ವೃತ್ತಿಪರ ಆಟಗಾರ ಎಸೆತಕ್ಕೆ ಮುಂಚೆಯೇ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬರಬಹುದು. ಲಿಟಲ್ ಲೀಗ್‌ನ ಚಿಕ್ಕ ಮೈದಾನದಲ್ಲಿ ಚೆಂಡು ಬ್ಯಾಟರ್‌ ಬಳಿ ತಲುಪುವವರೆಗೆ ಓಟಗಾರ ಬೇಸ್ ಬಿಡುವಂತಿಲ್ಲ. ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರುವಂತಿಲ್ಲ. ನಾಲ್ಕು ಇನ್ನಿಂಗ್ಸ್ ಮುಗಿಯುವಾಗ ಹತ್ತು ರನ್ನುಗಳ ಅಂತರವಿದ್ದರೆ ಪಂದ್ಯ ಮುಗಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಡ್ಡಾಯ ಆಟದ ನಿಯಮ: ಲೀಗ್ ಪಂದ್ಯಗಳಲ್ಲಿ ತಂಡದ ಪ್ರತಿ ಮಗುವೂ ಕನಿಷ್ಠ ಒಮ್ಮೆ ಬ್ಯಾಟ್ ಮಾಡಬೇಕು, ಎದುರಾಳಿಯ ಸತತ ಆರು ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್‌ಗೆ ನಿಲ್ಲಬೇಕು. ಚೆಂಡು ಹಿಡಿಯಲು ಬಾರದ ಹುಡುಗನನ್ನು ಇಡೀ ಬೇಸಿಗೆ ಬೆಂಚಿನ ಮೇಲೆ ಕೂರಿಸಿ ಕಪ್ ಗೆಲ್ಲುವ ಆಸೆ ಆ ಹುಡುಗನ ಗೆಳೆಯರಿಗೆ ಬರುವುದು ಅಪರೂಪ. ಆ ಆಸೆ ಬರುವುದು ತಂಡ ನಡೆಸುವ ಮ್ಯಾನೇಜರ್‌ಗೆ, ನಿಯಮ ತಡೆಯುವುದೂ ಅವನನ್ನೇ.

ನಿಯಮಕ್ಕೂ ಅಂಪೈರ್‌ನ ವಿವೇಚನೆಗೂ ಇರುವ ನಂಟನ್ನು ತಿಳಿಯಲು ಇನ್‌ಫೀಲ್ಡ್ ಫ್ಲೈ ನಿಯಮಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಮೊದಲ ಮತ್ತು ಎರಡನೇ ಬೇಸ್‌ಗಳಲ್ಲಿ ಓಟಗಾರರಿದ್ದಾರೆ, ಇನ್ನೂ ಇಬ್ಬರು ಔಟ್ ಆಗಿಲ್ಲ ಎಂದುಕೊಳ್ಳಿ. ಬ್ಯಾಟರ್ ಹೊಡೆದ ಚೆಂಡು ಒಳಮೈದಾನದಲ್ಲೇ ಮೇಲಕ್ಕೆ ಚಿಮ್ಮುತ್ತದೆ. ಕ್ಯಾಚ್ ಆಗುತ್ತದೆಂದು ಓಟಗಾರರು ತಮ್ಮ ಬೇಸ್‌ಗೆ ಅಂಟಿ ನಿಲ್ಲುತ್ತಾರೆ. ಆಗ ಚಾಣಾಕ್ಷ ಫೀಲ್ಡರ್ ಒಬ್ಬ ಚೆಂಡನ್ನು ಬೇಕೆಂದೇ ನೆಲಕ್ಕೆ ಬೀಳಿಸಿದರೆ, ಓಟಗಾರರು ಬೇಸ್ ಬಿಟ್ಟು ಓಡಲೇಬೇಕಾಗಿ, ಒಂದು ಔಟ್ ಆಗುವಲ್ಲಿ ಎರಡು ಔಟ್ ಸಿಗುತ್ತವೆ. ಈ ಮೋಸವನ್ನು ತಡೆಯಲು 19ನೇ ಶತಮಾನದ ಕೊನೆಯ ದಶಕದಲ್ಲೇ ನಿಯಮ ಬಂತು: ಒಳಮೈದಾನದ ಫೀಲ್ಡರ್ ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾದ ಚೆಂಡಾಗಿದ್ದರೆ, ಅದು ಗಾಳಿಯಲ್ಲಿರುವಾಗಲೇ ಅಂಪೈರ್ ಬ್ಯಾಟರ್‌ನನ್ನು ಔಟ್ ಎಂದು ಕೂಗಬೇಕು. ಚೆಂಡು ಆಮೇಲೆ ಕೈಗೆ ಸಿಕ್ಕರೂ ಒಂದೇ, ಬಿದ್ದರೂ ಒಂದೇ.

ಕಾಗದದ ಮೇಲೆ ಇದು ಅಚ್ಚುಕಟ್ಟಾಗಿದೆ. ಮಕ್ಕಳ ಪಂದ್ಯದಲ್ಲಿ, ಒಂಬತ್ತು ವರ್ಷದ ಹುಡುಗಿಗೆ ಸಾಮಾನ್ಯ ಪ್ರಯತ್ನವೆಂದರೆ ಎಷ್ಟು ಎಂಬುದನ್ನು ಯಾವ ಪುಸ್ತಕವೂ ಅಡಿ-ಇಂಚುಗಳಲ್ಲಿ ಹೇಳುವುದಿಲ್ಲ. ಎತ್ತರಕ್ಕೆ ಹೋದ ಚೆಂಡಿನ ಕೆಳಗೆ ಮೂವರು ಮಕ್ಕಳು ಬಾಯಿ ತೆರೆದು ನಿಂತಿದ್ದಾರೆ, ಒಬ್ಬಳು ಕೈಯಿಂದ ಬಿಸಿಲು ಮರೆಮಾಡಿಕೊಂಡಿದ್ದಾಳೆ, ಇನ್ನೊಬ್ಬ ಆಗಲೇ ಹಿಂದೆ ಸರಿದಿದ್ದಾನೆ. ಅಂಪೈರ್ ಆ ಎರಡು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಕೂಗಿದರೆ, ಚೆಂಡು ನೆಲಕ್ಕೆ ಬಿದ್ದಮೇಲೂ ಔಟ್ ಹೇಗೆ ಎಂದು ಒಂದು ಕಡೆಯ ಹೆತ್ತವರು ಎದ್ದು ನಿಲ್ಲುತ್ತಾರೆ. ಕೂಗದೆ ಬಿಟ್ಟು ಒಂದೇ ಏಟಿಗೆ ಎರಡು ಔಟ್, ಅಂದರೆ ಡಬಲ್ ಪ್ಲೇ ಆದರೆ ಅದೇ ಕಡೆಯ ಮ್ಯಾನೇಜರ್ ಪುಸ್ತಕ ಹಿಡಿದು ಬರುತ್ತಾನೆ. ಈ ತೀರ್ಪಿನ ನಂತರವೂ ಆಟ ನಿಲ್ಲುವುದಿಲ್ಲ, ಓಟಗಾರರು ತಮ್ಮ ಹೊಣೆಯ ಮೇಲೆ ಓಡಬಹುದು ಎಂಬ ಸಂಗತಿ ಗೊತ್ತಿಲ್ಲದ ಕೋಚ್‌ಗಳೂ ಸಾಕಷ್ಟಿದ್ದಾರೆ.

ಸ್ಟ್ರೈಕ್ ವಲಯದ ಕಥೆಯೂ ಇಷ್ಟೇ ಜಟಿಲ. ಕ್ರಿಕೆಟ್ ಬಲ್ಲ ನಮ್ಮವರು ಪ್ರತಿ ಎಸೆತಕ್ಕೂ ಎಲ್‌ಬಿಡಬ್ಲ್ಯೂ ಮನವಿ ಬರುವ ಆಟವನ್ನು ಊಹಿಸಿಕೊಂಡರೆ ಪ್ಲೇಟ್ ಹಿಂದಿನ ಅಂಪೈರ್‌ನ ಸ್ಥಿತಿ ಅರ್ಥವಾದೀತು. ಲಿಟಲ್ ಲೀಗ್‌ನಲ್ಲಿ ಬ್ಯಾಟರ್ ಸಹಜವಾಗಿ ನಿಂತಾಗಿನ ಕಂಕುಳಿನಿಂದ ಮೊಣಕಾಲಿನ ಮೇಲ್ತುದಿಯವರೆಗೆ, 17 ಇಂಚು ಅಗಲದ ಪ್ಲೇಟ್‌ನ ಮೇಲೆ ಹಾದುಹೋಗುವ ಚೆಂಡು ಸ್ಟ್ರೈಕ್; ಅದರ ಹೊರಗೆ ಹೋದ, ಬ್ಯಾಟರ್ ಬೀಸದೆ ಬಿಟ್ಟ ಚೆಂಡು ಬಾಲ್. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್ ಪುಕ್ಕಟೆ, ಅದೇ ವಾಕ್. ಹಾಗೆ ನೋಡಿದರೆ ಒಂದೇ ತಂಡದ ಕುಳ್ಳ ಹುಡುಗನಿಗೂ ಉದ್ದ ಹುಡುಗನಿಗೂ ಬೇರೆ ಬೇರೆ ಕಿಟಕಿ. ಎಂಟು-ಒಂಬತ್ತು ವರ್ಷದವರು ಆ ಕಿಟಕಿಯೊಳಗೆ ಚೆಂಡು ತೂರಿಸುವುದೇ ಕಷ್ಟ. ಅಕ್ಷರಶಃ ನಿಯಮ ಪಾಲಿಸಿದರೆ ನಾಲ್ಕು ಬಾಲ್, ಒಂದು ವಾಕ್, ಮತ್ತೆ ನಾಲ್ಕು ಬಾಲ್, ಮತ್ತೊಂದು ವಾಕ್ ಎಂದು ಮೆರವಣಿಗೆ ಹೊರಡುತ್ತದೆ. ಫೀಲ್ಡಿಂಗ್ ಮಾಡುವವರು ಹುಲ್ಲು ಕೀಳುತ್ತಾ ಕೂರುತ್ತಾರೆ. ಆದ್ದರಿಂದ ಚಿಕ್ಕವರ ಪಂದ್ಯದಲ್ಲಿ ಅನುಭವಿ ಅಂಪೈರ್‌ಗಳು ವಲಯವನ್ನು ಎರಡೂ ಬದಿಗೆ ಒಂದಿಷ್ಟು ಅಗಲಿಸಿಕೊಂಡು, ಬ್ಯಾಟ್ ಬೀಸಿರಪ್ಪಾ ಎಂದು ಪರೋಕ್ಷವಾಗಿ ಹೇಳುತ್ತಾರೆ. ಇದು ನಿಯಮಭಂಗವೇ? ಕಟ್ಟುನಿಟ್ಟಾಗಿ ನೋಡಿದರೆ ಹೌದು. ಎರಡೂ ತಂಡಗಳಿಗೆ ಒಂದೇ ಅಗಲ ಇಟ್ಟುಕೊಂಡವನನ್ನು ನಾನಂತೂ ದೂರುವುದಿಲ್ಲ. ತಪ್ಪುವುದು, ಮೂರನೇ ಇನ್ನಿಂಗ್ಸ್‌ನಲ್ಲಿ ಬೈಗುಳ ಕೇಳಿ ಹೆದರಿ ಅಗಲವನ್ನು ಬದಲಿಸಿದಾಗ.

ವೃತ್ತಿಪರ ಪಂದ್ಯಕ್ಕೆ ನಾಲ್ವರು ಅಂಪೈರ್‌ಗಳಿರುತ್ತಾರೆ. ಊರಿನ ಮಕ್ಕಳ ಪಂದ್ಯಕ್ಕೆ ಇಬ್ಬರು ಸಿಕ್ಕರೆ ಪುಣ್ಯ, ಅನೇಕ ಸಲ ಒಬ್ಬರೇ. ಆ ಒಬ್ಬ ವ್ಯಕ್ತಿ ಮುಖಕ್ಕೆ ಮಾಸ್ಕ್, ಎದೆಗೆ ಕವಚ ಕಟ್ಟಿಕೊಂಡು ವಿಕೆಟ್‌ಕೀಪರ್‌ನಂತಿರುವ ಕ್ಯಾಚರ್‌ನ ಹಿಂದೆ ಬಗ್ಗಿ ನಿಂತು, ಎಡಗೈಯ ಪುಟ್ಟ ಎಣಿಕೆ ಸಾಧನದಲ್ಲಿ ಬಾಲ್, ಸ್ಟ್ರೈಕ್, ಔಟ್‌ಗಳ ಲೆಕ್ಕ ತಿರುಗಿಸುತ್ತಾ ಎಸೆತ ನೋಡಬೇಕು. ಅದೇ ಕ್ಷಣಕ್ಕೆ ಮೊದಲ ಬೇಸ್‌ನ ಹುಡುಗ ಎರಡನೆಯದಕ್ಕೆ ಓಡಿದರೆ, ಎಸೆತ ಸ್ಟ್ರೈಕೋ ಬಾಲೋ ಹೇಳಿ, ಪಕ್ಕಕ್ಕೆ ಹಾರಿ, ಸುಮಾರು 85 ಅಡಿ ದೂರದಲ್ಲಿ ಧೂಳೆಬ್ಬಿಸಿ ಜಾರಿದ ಕಾಲು ಬೇಸ್ ಮುಟ್ಟುವ ಮೊದಲು ಚೆಂಡು ಹಿಡಿದ ಗ್ಲೌಸ್ ಅದಕ್ಕೆ ತಗುಲಿತೋ ಇಲ್ಲವೋ ಹೇಳಬೇಕು. ಮೊದಲ ಬೇಸ್‌ನಲ್ಲಾದರೆ ಅಂಪೈರ್‌ಗಳು ಕಲಿಸಿಕೊಟ್ಟ ಉಪಾಯವೊಂದಿದೆ: ಕಣ್ಣನ್ನು ಓಟಗಾರನ ಪಾದದ ಮೇಲಿಟ್ಟು, ಚೆಂಡು ಗ್ಲೌಸಿಗೆ ಬಡಿದ ಸದ್ದನ್ನು ಕಿವಿಯಿಂದ ಹಿಡಿಯುವುದು. ಗ್ಯಾಲರಿಯಲ್ಲಿ ಕಿರುಚಾಟ ಜೋರಾಗಿದ್ದರೆ ಆ ಸದ್ದೂ ಕೇಳಿಸದು. ತಪ್ಪು ತೀರ್ಪಿಗೆ ಕೂಗಾಡುವವರು ಮುಂದಿನ ತಪ್ಪಿಗೆ ತಾವೇ ದಾರಿ ಮಾಡಿಕೊಡುತ್ತಿರುತ್ತಾರೆ.

ಇದೆಲ್ಲ ಗೊತ್ತಿದ್ದೇ ನಿಯಮ ಪುಸ್ತಕ ಒಂದು ಸ್ಪಷ್ಟ ಗೆರೆ ಎಳೆದಿದೆ. ಸ್ಟ್ರೈಕೋ ಬಾಲೋ, ಹೊಡೆದ ಚೆಂಡು ಗೆರೆಯೊಳಗಿನ ಫೇರೋ ಹೊರಗಿನ ಫೌಲೋ, ಔಟೋ ಸೇಫೋ ಎಂಬಂತಹ ಕಣ್ಣಳತೆಯ ತೀರ್ಪು ಅಂತಿಮ. ಆಟಗಾರನಾಗಲಿ ಕೋಚ್ ಆಗಲಿ ಅದಕ್ಕೆ ಆಕ್ಷೇಪ ಎತ್ತುವಂತಿಲ್ಲ. ಆದರೆ ಅಂಪೈರ್ ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ, ಉದಾಹರಣೆಗೆ ಒಬ್ಬನೇ ಓಟಗಾರನಿದ್ದಾಗ ಇನ್‌ಫೀಲ್ಡ್ ಫ್ಲೈ ಕೊಟ್ಟಿದ್ದರೆ, ಮ್ಯಾನೇಜರ್ ಸಮಯ ಕೇಳಿ, ಬಂದು, ಸರಿಪಡಿಸಲು ಮನವಿ ಮಾಡಬಹುದು. ಬೇಕಾದರೆ ವಿಧಿವತ್ತಾಗಿ ಪ್ರತಿಭಟನೆಯನ್ನೂ ದಾಖಲಿಸಬಹುದು. ಕಂಡದ್ದರ ಬಗ್ಗೆ ವಾದವಿಲ್ಲ, ಕಾನೂನಿನ ಬಗ್ಗೆ ವಾದಕ್ಕೆ ಬಾಗಿಲು ತೆರೆದಿದೆ ಎಂಬ ಈ ವಿಂಗಡಣೆ ಎಷ್ಟೋ ನ್ಯಾಯಾಲಯಗಳ ಮೇಲ್ಮನವಿ ಪದ್ಧತಿಯನ್ನು ಹೋಲುತ್ತದೆ. ಬೇಲಿಯಾಚೆಯ ಹೆಚ್ಚಿನ ಕೂಗಾಟ ನಡೆಯುವುದು ಮೊದಲನೆಯದರ ಬಗ್ಗೆ, ಅಂದರೆ ವಾದಕ್ಕೆ ಅವಕಾಶವೇ ಇಲ್ಲದ್ದರ ಬಗ್ಗೆ. ಉಳಿದದ್ದು ಪುಸ್ತಕದಲ್ಲಿ ಇಲ್ಲದ ನಿಯಮಗಳ ಬಗ್ಗೆ. ಕೈಬೆರಳೂ ಬ್ಯಾಟಿನ ಭಾಗವೆಂಬ ನಂಬಿಕೆ ಅಂಥದ್ದು. ಬ್ಯಾಟ್ ಬೀಸದೆ ನಿಂತವನ ಬೆರಳಿಗೆ ಎಸೆತ ಬಡಿದರೆ ಅವನಿಗೆ ಮೊದಲ ಬೇಸ್ ಸಿಗಬೇಕು. ಓಟಗಾರ ಜಾರಲೇಬೇಕು ಎಂಬುದು ಇನ್ನೊಂದು. ಲಿಟಲ್ ಲೀಗ್ ನಿಯಮ ಹೇಳುವುದು, ಚೆಂಡು ಹಿಡಿದು ಕಾದಿರುವ ಫೀಲ್ಡರ್‌ ಇದ್ದಾಗ ಜಾರು ಅಥವಾ ಅವನನ್ನು ಬಳಸಿಕೊಂಡು ಹೋಗಲು ನೋಡು, ಡಿಕ್ಕಿ ಹೊಡೆಯಬೇಡ ಎಂದಷ್ಟೆ.

ಕಣ್ಣಳತೆಗೆ ಆಸ್ಪದವೇ ಇಲ್ಲದ, ಬರೀ ಎಣಿಕೆಯ ನಿಯಮಗಳು ಇನ್ನೊಂದು ಗುಂಪು. ಅವುಗಳಲ್ಲಿ ಎಸೆತಗಳ ಮಿತಿಯ ನಿಯಮ ಈ ಶತಮಾನದಲ್ಲಿ ಮಕ್ಕಳ ಬೇಸ್‌ಬಾಲ್ ಕಂಡ ಅತಿ ದೊಡ್ಡ ಬದಲಾವಣೆ. ಮೊದಲು ಪಿಚರ್‌ಗಿದ್ದ ಮಿತಿ ಇನ್ನಿಂಗ್ಸ್ ಲೆಕ್ಕದಲ್ಲಿತ್ತು. ಒಂದು ಇನ್ನಿಂಗ್ಸ್ ಎಂಟು ಎಸೆತಕ್ಕೂ ಮುಗಿಯಬಹುದು, ನಲವತ್ತಕ್ಕೂ ಎಳೆಯಬಹುದು. ಮಗುವಿನ ಮೊಣಕೈಗೆ ಗೊತ್ತಾಗುವುದು ಎಸೆತಗಳ ಲೆಕ್ಕ ಮಾತ್ರ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಡಾ. ಜೇಮ್ಸ್ ಆಂಡ್ರ್ಯೂಸ್ ಮೊದಲಾದವರ ಒತ್ತಾಯದ ಮೇಲೆ, ಪ್ರಾಯೋಗಿಕ ಜಾರಿಯ ನಂತರ, 2007ರಲ್ಲಿ ಲಿಟಲ್ ಲೀಗ್ ಎಸೆತಗಳ ಎಣಿಕೆಗೆ ಬದಲಾಯಿತು. ಒಂದು ದಿನಕ್ಕೆ 7-8 ವಯಸ್ಸಿನವರಿಗೆ 50, 9-10ರವರಿಗೆ 75, 11-12ರವರಿಗೆ 85 ಎಸೆತ. ಹದಿನಾಲ್ಕರ ಒಳಗಿನವರು ಒಂದು ದಿನ 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. 41 ಅಥವಾ ಹೆಚ್ಚು ಎಸೆದವನು ಅಂದು ಕ್ಯಾಚರ್ ಆಗುವಂತಿಲ್ಲ, ಏಕೆಂದರೆ ಕ್ಯಾಚರ್ ಸಹ ಪ್ರತಿ ಚೆಂಡನ್ನೂ ಮರಳಿ ಎಸೆಯುತ್ತಲೇ ಇರುತ್ತಾನೆ.

ಈ ನಿಯಮದ ಒಂದು ವಾಕ್ಯ ಇಡೀ ವ್ಯವಸ್ಥೆಯ ಮನಸ್ಸನ್ನು ತೋರಿಸುತ್ತದೆ. ಮಿತಿ ಮುಟ್ಟಿದಾಗ ಎಣಿಕೆಗಾರ ಅಂಪೈರ್‌ಗೆ ತಿಳಿಸಬೇಕು, ಅಂಪೈರ್ ಮ್ಯಾನೇಜರ್‌ಗೆ ತಿಳಿಸಬೇಕು. ಆದರೆ ಇವರಿಬ್ಬರೂ ತಿಳಿಸಲು ಮರೆತರೂ ಪಿಚರ್‌ನನ್ನು ಬದಲಿಸುವ ಹೊಣೆಯಿಂದ ಮ್ಯಾನೇಜರ್ ಮುಕ್ತನಾಗುವುದಿಲ್ಲ. ಫೈನಲ್ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ತನ್ನ ಅತ್ಯುತ್ತಮ ಪಿಚರ್‌ನನ್ನು ಕೆಳಗಿಳಿಸಲು ಯಾವ ಮ್ಯಾನೇಜರ್‌ಗೂ ಮನಸ್ಸು ಬಾರದೆಂದು ನಿಯಮ ಬರೆದವರಿಗೆ ಗೊತ್ತಿತ್ತು.

ಆದರೂ ಬೇಲಿಗೆ ದೊಡ್ಡ ಕಿಂಡಿಯಿದೆ. ಲಿಟಲ್ ಲೀಗ್‌ನ ಎಣಿಕೆ ಲಿಟಲ್ ಲೀಗ್‌ನೊಳಗಿನ ಎಸೆತಗಳಿಗೆ ಮಾತ್ರ. ಅದೇ ಹುಡುಗ ವಾರಾಂತ್ಯದಲ್ಲಿ ಊರೂರು ಸುತ್ತುವ ಖಾಸಗಿ ಟ್ರಾವೆಲ್ ತಂಡಕ್ಕೆ ಎಸೆದರೆ, ಶನಿವಾರದ 70 ಎಸೆತ ಸೋಮವಾರದ ಕಾಗದದಲ್ಲಿ ಕಾಣುವುದಿಲ್ಲ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಮತ್ತು ಆಟದ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಬೇಸ್‌ಬಾಲ್ 2014ರಲ್ಲಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ಹೊರಡಿಸಿದವು. ಮಾರ್ಗಸೂಚಿಯನ್ನು ಪಾಲಿಸದವರನ್ನು ಹಿಡಿಯುವವರಿಲ್ಲ. 2007ರಿಂದ 2011ರ ನಡುವೆ ಅಮೆರಿಕದಲ್ಲಿ ನಡೆದ ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಗಳ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು 15ರಿಂದ 19 ವಯಸ್ಸಿನವರಾಗಿದ್ದರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಮೇಜರ್ ಲೀಗ್‌ನ ವರದಿಯೂ, ವೇಗದ ಬೆನ್ನುಹತ್ತುವ ಚಟ ಹದಿಹರೆಯದವರವರೆಗೆ ಇಳಿದಿರುವುದನ್ನು ಎತ್ತಿ ಹೇಳಿತು. ಇಲ್ಲಿ ನಿಯಮದ ಕೊರತೆಯಿಲ್ಲ. ಒಂದೇ ತೋಳು ಮೂರು ಲೆಕ್ಕಪುಸ್ತಕಗಳಲ್ಲಿ ಹಂಚಿಹೋಗಿದೆ.

ವಯಸ್ಸು ಮತ್ತು ವಾಸಸ್ಥಳದ ನಿಯಮಗಳನ್ನಂತೂ ಮೈದಾನದ ಅಂಪೈರ್ ನೋಡುವುದೇ ಇಲ್ಲ. ಅವು ಕಚೇರಿಯ ಕಾಗದಗಳು. 2001ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಡ್ಯಾನಿ ಅಲ್ಮಾಂಟೆ ಹನ್ನೆರಡರ ಒಳಗಿನವರ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಒಬ್ಬ ಎದುರಾಳಿಯನ್ನೂ ಬೇಸ್ ಮುಟ್ಟಗೊಡದೆ ಇಡೀ ಪಂದ್ಯ ಎಸೆದು ಮನೆಮಾತಾದ. ಆಮೇಲೆ ಡೊಮಿನಿಕನ್ ಗಣರಾಜ್ಯದ ಜನನ ದಾಖಲೆಗಳು ಹೊರಬಿದ್ದು, ಅವನಿಗೆ ಆಗಲೇ 14 ವರ್ಷ ತುಂಬಿತ್ತೆಂದು ಸಾಬೀತಾಯಿತು. ತಂಡದ ಗೆಲುವುಗಳು ರದ್ದಾದವು. ಅವನ ತಂದೆಗೂ ತಂಡದ ಮುಖ್ಯಸ್ಥನಿಗೂ ಆಜೀವ ನಿಷೇಧ ಬಿತ್ತು, ಹುಡುಗನ ಮೇಲೆ ತಪ್ಪು ಹೊರಿಸಲಿಲ್ಲ. 2014ರಲ್ಲಿ ಅಮೆರಿಕದ ವಿಭಾಗ ಗೆದ್ದ ಶಿಕಾಗೊದ ಜಾಕಿ ರಾಬಿನ್ಸನ್ ವೆಸ್ಟ್ ತಂಡದ ಪ್ರಶಸ್ತಿಯನ್ನು ಮರುವರ್ಷದ ಫೆಬ್ರುವರಿಯಲ್ಲಿ ಹಿಂಪಡೆಯಲಾಯಿತು, ಏಕೆಂದರೆ ದೊಡ್ಡವರು ಲೀಗ್‌ನ ಗಡಿ ತೋರಿಸುವ ನಕ್ಷೆಯನ್ನೇ ತಿದ್ದಿ ಹೊರಗಿನ ಆಟಗಾರರನ್ನು ಸೇರಿಸಿಕೊಂಡಿದ್ದರು. ಆಡಿ ಗೆದ್ದ ಮಕ್ಕಳಿಗೆ ನಕ್ಷೆಯ ಸುಳಿವೇ ಇದ್ದಿರಲಾರದು. ವಯಸ್ಸಿನ ಮೋಸ ನಮಗೂ ಹೊಸದಲ್ಲ. ವಯೋಮಿತಿ ಕ್ರಿಕೆಟ್‌ನಲ್ಲಿ ಬಿಸಿಸಿಐ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸು ನೋಡುವ ಸ್ಥಿತಿ ಬಂದದ್ದು ಇದೇ ಕಾರಣಕ್ಕೆ.

ನಿಯಮ ಯಾವಾಗಲೂ ಮಕ್ಕಳ ಪರವಾಗಿಯೇ ಇತ್ತು ಎಂದರೆ ಇತಿಹಾಸ ಒಪ್ಪುವುದಿಲ್ಲ. 1955ರಲ್ಲಿ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಮಕ್ಕಳ ತಂಡ ಟೂರ್ನಿಗೆ ಹೆಸರು ಕೊಟ್ಟಿತು. ಅವರೊಂದಿಗೆ ಆಡುವುದಿಲ್ಲವೆಂದು ರಾಜ್ಯದ ಬಿಳಿಯರ 61 ಲೀಗ್‌ಗಳು ಹಿಂದೆ ಸರಿದವು. ಲಿಟಲ್ ಲೀಗ್ ಸಂಸ್ಥೆ ಜನಾಂಗಭೇದವನ್ನು ಒಪ್ಪಲಿಲ್ಲ, ಬಿಳಿಯರ ಬೇಡಿಕೆಗೆ ಮಣಿಯಲೂ ಇಲ್ಲ. ಆದರೆ ಮುಂದಿನ ಸುತ್ತಿಗೆ ಬರುವ ತಂಡ ಮೈದಾನದಲ್ಲಿ ಆಡಿ ಗೆದ್ದಿರಬೇಕು ಎಂಬ ನಿಯಮವನ್ನು ಎತ್ತಿಹಿಡಿದು, ಎದುರಾಳಿಯೇ ಇಲ್ಲದೆ ಗೆದ್ದ ಈ ತಂಡವನ್ನು ಅನರ್ಹಗೊಳಿಸಿತು. ಮಕ್ಕಳನ್ನು ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟ್‌ಗೆ ಕರೆಸಿದಾಗ, ಇವರನ್ನು ಆಡಲು ಬಿಡಿ ಎಂದು ಪ್ರೇಕ್ಷಕರು ಕೂಗಿದರು. ಅವರು ಆಡಲಿಲ್ಲ. ಹುಡುಗಿಯರ ವಿಷಯದಲ್ಲಂತೂ ನಿಯಮವೇ ಗೋಡೆಯಾಗಿತ್ತು: 1951ರಲ್ಲಿ ಬಂದ ನಿಷೇಧ ಹೋದದ್ದು 1974ರಲ್ಲಿ, ನ್ಯೂಜೆರ್ಸಿಯ ಹೊಬೊಕೆನ್‌ನ ಮಾರಿಯಾ ಪೆಪೆಯ ಪ್ರಕರಣ ಕಾನೂನಿನ ಮೆಟ್ಟಿಲೇರಿದ ಮೇಲೆ. ಆದ್ದರಿಂದ ಅಂಪೈರ್‌ಗೆ ಗೌರವ ಕೊಡಿ, ನಿಯಮಕ್ಕೆ ತಲೆಬಾಗಿ ಎಂದು ಮಕ್ಕಳಿಗೆ ಹೇಳುವವರು, ಮೈದಾನದ ತೀರ್ಪಿಗೂ ಕಚೇರಿಯ ತೀರ್ಪಿಗೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು. ಅರ್ಧ ಸೆಕೆಂಡಿನಲ್ಲಿ ತಪ್ಪುವವನನ್ನು ಕ್ಷಮಿಸಬಹುದು. ವಾರಗಟ್ಟಲೆ ಯೋಚಿಸಿ ತಪ್ಪುವವರನ್ನು ಪ್ರಶ್ನಿಸಲೇಬೇಕು. ಇಂದು ನಡೆಯುತ್ತಿರುವುದು ಇದರ ತಿರುಗುಮುರುಗು.

ಅದರ ಪರಿಣಾಮ ಈಗ ಅಂಕಿಗಳಲ್ಲಿ ಕಾಣುತ್ತಿದೆ. ಅಮೆರಿಕದ ಪ್ರೌಢಶಾಲಾ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟದ ಪ್ರಕಾರ 2018-19ರ ನಂತರದ ಮೂರು ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ತೀರ್ಪುಗಾರರು ಕೆಲಸ ಬಿಟ್ಟರು. ಕೋವಿಡ್ ಇದಕ್ಕೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ತೀರ್ಪುಗಾರರ ರಾಷ್ಟ್ರೀಯ ಸಂಘ 2017ರಲ್ಲಿ ನಡೆಸಿದ, 17,000ಕ್ಕೂ ಹೆಚ್ಚು ಮಂದಿ ಉತ್ತರಿಸಿದ ಸಮೀಕ್ಷೆಯಲ್ಲಿ, ಕ್ರೀಡಾಮನೋಭಾವಕ್ಕೆ ಹೆಚ್ಚು ಧಕ್ಕೆ ತರುವವರು ಯಾರೆಂಬ ಪ್ರಶ್ನೆಗೆ ಮೊದಲ ಸ್ಥಾನ ಸಿಕ್ಕಿದ್ದು ಹೆತ್ತವರಿಗೆ, ಎರಡನೆಯದು ಕೋಚ್‌ಗಳಿಗೆ. ಆಟಗಾರರು ಅವರೆಲ್ಲರಿಗಿಂತ ಹಿಂದೆ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ತೀರ್ಪುಗಾರರ ಮೇಲಿನ ಹಲ್ಲೆಗೆ ಪ್ರತ್ಯೇಕ ಕಾನೂನುಗಳಿವೆ, ಆದರೆ ಹೊಸಬರು ಬಿಟ್ಟು ಹೋಗುವುದು ಹಲ್ಲೆಗೆ ಹೆದರಿಯೇ ಆಗಬೇಕೆಂದಿಲ್ಲ. ಎರಡು ಗಂಟೆ ಬಿಸಿಲಿನಲ್ಲಿ ನಿಂತು, ಅಲ್ಪ ಸಂಭಾವನೆಗೋ ಪುಕ್ಕಟೆಗೋ, ಪ್ರತಿ ಐದು ನಿಮಿಷಕ್ಕೊಮ್ಮೆ ಕಣ್ಣು ಕಾಣಿಸುವುದಿಲ್ಲವೇ ಎಂದು ಕೇಳಿಸಿಕೊಳ್ಳಲು ಹದಿನೈದರ ಹುಡುಗನಿಗೆ ಯಾವ ದರ್ದು?

2023ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಡೆಪ್ಟ್‌ಫರ್ಡ್ ಲಿಟಲ್ ಲೀಗ್ ಒಂದು ಉಪಾಯ ಮಾಡಿತು. ಬೈಗುಳ ತಾಳಲಾರದೆ ಇಬ್ಬರು ಸ್ವಯಂಸೇವಕ ಅಂಪೈರ್‌ಗಳು ಬಿಟ್ಟು ಹೋದ ಮೇಲೆ, ಅಂಪೈರ್‌ನನ್ನು ನಿಂದಿಸಿದ ಪ್ರೇಕ್ಷಕರು ಮೂರು ಪಂದ್ಯಗಳಿಗೆ ತಾವೇ ಅಂಪೈರ್ ಆಗಿ ನಿಲ್ಲಬೇಕು, ಅಲ್ಲಿಯವರೆಗೆ ಮೈದಾನಕ್ಕೆ ಬರುವಂತಿಲ್ಲ ಎಂದು ನಿಯಮ ತಂದಿತು. ಶಿಕ್ಷೆಯ ಭಯಕ್ಕಿಂತ, 46 ಅಡಿಯ ಎಸೆತ ಆ ಜಾಗದಿಂದ ಹೇಗೆ ಕಾಣುತ್ತದೆಂಬ ಅರಿವು ಹೆಚ್ಚು ಕೆಲಸ ಮಾಡೀತೆಂಬುದು ಅದರ ಲೆಕ್ಕಾಚಾರ. ಯೋಚನೆ ಒಳ್ಳೆಯದು, ನಗೆಯೂ ಬರುತ್ತದೆ. ಆದರೆ ನಿಯಮ ಗೊತ್ತಿಲ್ಲದ, ಸಿಟ್ಟಿನ ಮನುಷ್ಯನ ಕೈಗೆ ಮಕ್ಕಳ ಮೂರು ಪಂದ್ಯಗಳನ್ನು ಒಪ್ಪಿಸುವುದು ಯಾವ ಮಕ್ಕಳಿಗೆ ಶಿಕ್ಷೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಯಂತ್ರವೇ ಉತ್ತರ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ದಕ್ಷಿಣ ಕೊರಿಯಾದ ವೃತ್ತಿಪರ ಲೀಗ್ 2024ರಿಂದ ಬಾಲ್-ಸ್ಟ್ರೈಕ್ ತೀರ್ಪನ್ನು ಪೂರ್ತಿಯಾಗಿ ಕ್ಯಾಮೆರಾಗಳಿಗೆ ಒಪ್ಪಿಸಿದೆ. ಅಮೆರಿಕದ ಮೇಜರ್ ಲೀಗ್ 2025ರ ಸೆಪ್ಟೆಂಬರ್‌ನಲ್ಲಿ ಮಧ್ಯಮ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು: 2026ರಿಂದ ತೀರ್ಪು ಅಂಪೈರ್‌ನದೇ, ಆದರೆ ಪ್ರತಿ ತಂಡಕ್ಕೆ ಎರಡು ಸವಾಲುಗಳು, ಸವಾಲು ಗೆದ್ದರೆ ಅದು ಖರ್ಚಾಗುವುದಿಲ್ಲ. ಸವಾಲು ಹಾಕುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ, ಅದೂ ಬೆಂಚಿನ ಕಡೆ ನೋಡದೆ, ತಲೆ ತಟ್ಟಿ. ಮ್ಯಾನೇಜರ್‌ನನ್ನು ಈ ವಿವಾದದಿಂದ ಹೊರಗಿಟ್ಟದ್ದು ಈ ಪದ್ಧತಿಯ ಜಾಣತನವೆಂದು ನನಗನ್ನಿಸುತ್ತದೆ. ಲಿಟಲ್ ಲೀಗ್ ವಿಶ್ವ ಸರಣಿಯಲ್ಲೂ 2008ರಿಂದ ವಿಡಿಯೊ ಮರುಪರಿಶೀಲನೆ ಇದೆ. ಆದರೆ ಅದು ಟಿವಿ ಕ್ಯಾಮೆರಾಗಳಿರುವ ವಿಲಿಯಮ್ಸ್‌ಪೋರ್ಟ್‌ನ ಮಾತು. ಬಲೆ ಹರಿದ, ಸುಣ್ಣದ ಗೆರೆ ಮಾಸಿದ ಸಾವಿರಾರು ಊರ ಮೈದಾನಗಳಿಗೆ ಹಾಕ್-ಐ ಬರುವುದಿಲ್ಲ. ಬಂದರೂ ಅದು ಸಾಮಾನ್ಯ ಪ್ರಯತ್ನವನ್ನು ಅಳೆಯಲಾರದು. ಮೊಬೈಲ್ ಕ್ಯಾಮೆರಾ ಮಾತ್ರ ಈಗಾಗಲೇ ಪ್ರತಿ ಬೇಲಿಯ ಆಚೆ ಇದೆ, ಪ್ರತಿ ತಂದೆಯೂ ತನ್ನ ಕೋನದ ವಿಡಿಯೊವನ್ನು ಸಾಕ್ಷ್ಯವೆಂದು ಹಿಡಿದು ಬರುತ್ತಾನೆ.

ತಪ್ಪಾದಾಗ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಆಟದಲ್ಲೇ ಒಂದು ಉದಾಹರಣೆಯಿದೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಮೇಜರ್ ಲೀಗ್ ಪಿಚರ್ ಅರ್ಮಾಂಡೊ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. 27ನೆಯವನು ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟ್ ಆಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದರು. ಒಬ್ಬ ಎದುರಾಳಿಯೂ ಬೇಸ್ ಮುಟ್ಟದ, ಚರಿತ್ರೆಯಲ್ಲಿ ಕೆಲವೇ ಮಂದಿಗೆ ಸಿಕ್ಕ ಪರ್ಫೆಕ್ಟ್ ಗೇಮ್ ಕೈತಪ್ಪಿತು. ಗಲರಾಗ ಮುಗುಳ್ನಕ್ಕು ಮುಂದಿನ ಬ್ಯಾಟರ್‌ಗೆ ಎಸೆದರು. ಪಂದ್ಯದ ನಂತರ ವಿಡಿಯೊ ನೋಡಿದ ಜಾಯ್ಸ್ ತಪ್ಪೊಪ್ಪಿಕೊಂಡರು, ಮರುದಿನ ಆಟಗಾರರ ಪಟ್ಟಿಯನ್ನು ಅವರ ಕೈಗೆ ಕೊಡಲು ಗಲರಾಗರೇ ಬಂದರು. ಕಳೆದುಕೊಂಡದ್ದು ಅಷ್ಟು ದೊಡ್ಡದಿದ್ದವನೇ ಸುಮ್ಮನಿದ್ದ ಮೇಲೆ, ಎಂಟು ವರ್ಷದವರ ಪಂದ್ಯದ ಎರಡನೇ ಇನ್ನಿಂಗ್ಸ್‌ನ ಸ್ಟ್ರೈಕ್‌ಗೆ ಗಂಟಲು ಹರಿದುಕೊಳ್ಳುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಪರಿಹಾರದ ಮಾತು ಬಂದಾಗ ನಿಯಮ ಪುಸ್ತಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದುರ್ವರ್ತನೆ ತೋರುವ ಮ್ಯಾನೇಜರ್, ಕೋಚ್, ಆಟಗಾರರನ್ನು ಪಂದ್ಯದಿಂದ ಹೊರಹಾಕುವ ಅಧಿಕಾರ ಅಂಪೈರ್‌ಗೆ ಇದೆ. ಹಾಗೆ ಹೊರಹೋದವರು ತಂಡದ ಮುಂದಿನ ಪಂದ್ಯಕ್ಕೂ ಬರುವಂತಿಲ್ಲ. ಪ್ರೇಕ್ಷಕರ ವಿಷಯದಲ್ಲಿ ಪುಸ್ತಕ ಹೇಳುವುದು ಮೈದಾನದೊಳಗೆ ಬಂದವರನ್ನು ಆಚೆ ಕಳಿಸಬಹುದೆಂದು. ಬೇಲಿಯಾಚೆಯ ಕುರ್ಚಿಯಲ್ಲಿ ಕುಳಿತು ಕೂಗುವವರನ್ನು ನಿಭಾಯಿಸಬೇಕಾದದ್ದು ಸ್ಥಳೀಯ ಲೀಗ್‌ನ ಆಡಳಿತ ಮಂಡಳಿ. ಆ ಮಂಡಳಿಯಲ್ಲಿರುವವರು ಅದೇ ಊರಿನ, ಬಹುಪಾಲು ಅದೇ ಮಕ್ಕಳ ತಂದೆತಾಯಂದಿರು, ಸಂಬಳವಿಲ್ಲದ ಸ್ವಯಂಸೇವಕರು. ನೆರೆಮನೆಯವನನ್ನು ಎಬ್ಬಿಸಿ ಕಳಿಸುವ ಮುಜುಗರದಿಂದ ತಪ್ಪಿಸಿಕೊಳ್ಳಲು ಅವರು ಆ ಕೆಲಸವನ್ನು ಮೌನವಾಗಿ ಅಂಪೈರ್‌ಗೆ ದಾಟಿಸುತ್ತಾರೆ. ಅಮೆರಿಕದ ಮಕ್ಕಳ ಫುಟ್‌ಬಾಲ್‌ನಲ್ಲಿ ಪ್ರೇಕ್ಷಕರು ಬಾಯಿ ಬಿಡದ ಮೌನ ಶನಿವಾರಗಳನ್ನು ಆಚರಿಸುವುದುಂಟು. ಭಾನುವಾರದ ಪಂದ್ಯದ ರೆಫರಿಗೆ ಅದರಿಂದ ಏನು ಉಪಯೋಗವೋ ತಿಳಿಯದು.

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಯ ಉಪನಗರಗಳಲ್ಲಿ ಈಗ ಕನ್ನಡದ ಮನೆಗಳ ಮಕ್ಕಳೂ ಈ ಮೈದಾನಗಳಲ್ಲಿ ಆಡುತ್ತಿದ್ದಾರೆ. ಬೇಸ್‌ಬಾಲ್ ನಿಯಮ ಗೊತ್ತಿಲ್ಲವೆಂದು ಅವರ ಹೆತ್ತವರು ಸ್ಕೋರ್ ಬರೆಯುವುದಕ್ಕೋ ತಿಂಡಿ ಹಂಚುವುದಕ್ಕೋ ಮಾತ್ರ ಹೆಸರು ಕೊಡುವುದುಂಟು. ಆದರೆ ಪ್ರತಿ ಪಂದ್ಯಕ್ಕೂ ಮಂಡಳಿಯ ಪರವಾಗಿ ಒಬ್ಬ ದೊಡ್ಡವರು ಬೇಲಿಯ ಬಳಿ ನಿಲ್ಲುವುದು, ಅವರ ಹೆಸರನ್ನು ಮೊದಲ ಎಸೆತಕ್ಕೆ ಮುಂಚೆ ಎರಡೂ ತಂಡಗಳಿಗೆ ಹೇಳುವುದು, ಅಂಪೈರ್ ಹದಿನೆಂಟರ ಒಳಗಿನವನಾದರೆ ಮ್ಯಾನೇಜರ್‌ಗಳು ಅವನೊಡನೆ ಮಾತಾಡುವಾಗ ಆ ವ್ಯಕ್ತಿ ಪಕ್ಕದಲ್ಲಿರುವುದು, ಇಷ್ಟಕ್ಕೆ ಇನ್‌ಫೀಲ್ಡ್ ಫ್ಲೈ ನಿಯಮ ಬಾಯಿಪಾಠವಾಗಿರಬೇಕಿಲ್ಲ. ಆ ಕೆಲಸಕ್ಕೆ ಜನ ಸಿಗದ ಲೀಗ್‌ಗೆ ಮುಂದಿನ ಬೇಸಿಗೆಯಲ್ಲಿ ಅಂಪೈರ್‌ಗಳೂ ಸಿಗುವುದಿಲ್ಲ.